ನನ್ನ ಹಾಲಿನ ಮೇಲೆ ಹೊರಿಸಿದ್ದು

ಚಳ್ಳಕೆರೆ
ಮಂಗಳವಾರ, 11-11-2025

ಶಿವರಾಮ ಮಾವನಿಗೆ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ಐದನೇ ತರಗತಿಗೇ ಶಾಲೆ ಬಿಡಿಸಿ ಮಗ್ಗದ ಮುಂದೆ ಕೂರಿಸಿದವರು ನೀವೆಲ್ಲ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಎದುರಿಗೆ ನಿಂತರೆ ನೀವು ಮಗ್ಗದ ಕಡೆ ಮುಖ ತಿರುಗಿಸುತ್ತೀರಿ, ಫೋನ್ ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಮಗಳಿಗೆ ಕಾಮಾಲೆ ಬಿಡದೆ ಹೊಟ್ಟೆ ಉಬ್ಬಿದಾಗ ನಿಮ್ಮ ತಾಯಿ, ಅಂದರೆ ನನ್ನ ಅಜ್ಜಿ, ಓಣಿಯವರ ಮುಂದೆಯೇ "ಇವಳ ಹಾಲೇ ಮಗೂಗೆ ವಿಷ ಆಗೈತೆ" ಅಂದರು. ನೀವು ಮಗ್ಗದಲ್ಲಿ ಲಾಳಿ ಎಸೆಯುವುದನ್ನೂ ನಿಲ್ಲಿಸಲಿಲ್ಲ. ವಾರ ಕಳೆದ ಮೇಲೆ "ಮಗು ಕರ್ಕೊಂಡು ತವರಿಗೆ ಹೋಗು" ಅಂದಿರಿ. ನನ್ನ ಹಾಲೇ ವಿಷವೆಂದು ನಾನೂ ನಂಬಿದೆ. ಐದು ತಿಂಗಳ ಕೂಸಿಗೆ ಹಾಲು ಬಿಡಿಸಿದೆ. ಎದೆ ಹುಡುಕಿಕೊಂಡು ಬಂದರೆ ದೂರ ತಳ್ಳುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಅವಳ ರಕ್ತಪರೀಕ್ಷೆಯ ಫಲಿತಾಂಶ ಬಂದಿದೆ. ಇಲ್ಲಿನ ಡಾಕ್ಟರ್ ಪ್ರೇಮಲತಾ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಲಿವರಿನ ಒಂದೊಂದು ಜೀವಕೋಶವೂ ಪ್ರೋಟೀನು ತಯಾರಿಸುತ್ತದಂತೆ. ಅದನ್ನು ಸರಿಯಾಗಿ ಮಡಿಚಿ, ಯಾವುದು ಒಳಗಿರಬೇಕು, ಯಾವುದು ರಕ್ತಕ್ಕೆ ಹೋಗಬೇಕು ಎಂದು ಬೇರ್ಪಡಿಸಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಹೊರಕ್ಕೆ ಕಳಿಸುತ್ತದಂತೆ. ಶ್ವಾಸಕೋಶವನ್ನು ಕಾಯುವ ಒಂದು ಪ್ರೋಟೀನು ನಮ್ಮ ಮಗಳಲ್ಲಿ ಸರಿಯಾಗಿ ಮಡಿಕೆಯಾಗುವುದಿಲ್ಲ. ಮಡಿಕೆ ತಪ್ಪಿದ್ದನ್ನು ಜೀವಕೋಶ ಮುಂದಕ್ಕೆ ಬಿಡುವುದಿಲ್ಲ. ಅದು ಅಲ್ಲೇ ಗಂಟುಕಟ್ಟಿಕೊಂಡು ಲಿವರನ್ನು ಹಾಳುಮಾಡುತ್ತಿದೆ.

"ನಿನ್ನ ಹಾಲಿಗೂ ಇದಕ್ಕೂ ಸಂಬಂಧನೇ ಇಲ್ಲ ಕಣಮ್ಮ. ತಾಯಿಯಿಂದ ಒಂದು ದೋಷ, ತಂದೆಯಿಂದ ಒಂದು, ಎರಡೂ ಕೂಡಿದ್ರೇನೇ ಹಿಂಗಾಗೋದು" ಅಂದರು. ನನ್ನ ಗಂಡ ನಮ್ಮವ್ವನ ತಮ್ಮ ಎಂದೆ. ಅವರು ಪೆನ್ನು ಕೆಳಗಿಟ್ಟು, "ರಕ್ತಸಂಬಂಧದಲ್ಲಿ ಒಂದೇ ದೋಷ ಇಬ್ಬರಲ್ಲೂ ಇರೋದು ಜಾಸ್ತಿ ಕಣಮ್ಮ" ಅಂದರು.

ಕೇಳಿಸಿತೇ ಮಾವ? ನಿಮ್ಮಿಂದಲೂ ಒಂದು.

ಈಗ ಅಜ್ಜಿ ನನ್ನ ತಂಗಿ ಸೌಂದರ್ಯಳನ್ನು ನಿಮಗೆ ಎರಡನೇ ಹೆಂಡತಿಯಾಗಿ ತಂದುಕೊಳ್ಳಲು ಹೊರಟಿದ್ದಾರೆ. "ತಂಗಿ ಬಂದ್ರೆ ಗಟ್ಟಿ ಮಗು ಹುಟ್ಟತೈತೆ" ಎಂದು ಹೇಳಿ ಕಳಿಸಿದ್ದಾರೆ. ನೀವು ಬೇಡವೆಂದಿಲ್ಲ. ನಿಮ್ಮ ಹೆಂಡತಿ ನಾನಿನ್ನೂ ಬದುಕಿದ್ದೇನೆ, ಅದು ಹೋಗಲಿ. ಸೌಂದರ್ಯಳಲ್ಲೂ ಅದೇ ದೋಷ ಇರಬಹುದು ಎಂದಿದ್ದಾರೆ ಡಾಕ್ಟರು. ಇನ್ನೊಂದು ಮಗುವಿನ ಹೊಟ್ಟೆ ಹೀಗೆ ಉಬ್ಬಲು ನಾನು ಬಿಡುವುದಿಲ್ಲ. ಈ ಮದುವೆಯ ಮಾತು ನಿಲ್ಲಿಸಿ. ಸೋಮವಾರ ಇಲ್ಲಿಗೆ ಬಂದು ಪರೀಕ್ಷೆಗೆ ರಕ್ತ ಕೊಡಿ. ಬರದಿದ್ದರೆ ಆ ಚೀಟಿ ಹಿಡಿದು ಮೊಳಕಾಲ್ಮೂರಿಗೆ ನಾನೇ ಬರುತ್ತೇನೆ, ನಿಮ್ಮ ಓಣಿಯಲ್ಲಿ ನಿಂತು ಓದುತ್ತೇನೆ.

ನಿಮ್ಮ ಮಗಳ ತಾಯಿ,
ವೀಣಾ

ಇನ್ನೊಂದು ಮಾತು: ಸೌಂದರ್ಯ ಈ ಮದುವೆಗೆ ಒಪ್ಪಿದ್ದಳಂತೆ, ನನ್ನ ಮಗುವನ್ನು ಅಲ್ಲಿಗೆ ಕರೆಸಿಕೊಂಡು ಸಾಕುವ ಆಸೆಗೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ತಾನೂ ಪರೀಕ್ಷೆಗೆ ರಕ್ತ ಕೊಡುವಾಗ ಹೇಳಿದಳು. ಅಲ್ಲೇ ಅವಳಿಗೆ ಬೈದೆ. ಆಮೇಲೆ ಅವಳ ತೋಳಿನ ಮೇಲಿನ ಹತ್ತಿ ಜಾರದಂತೆ ನಾನೇ ಒತ್ತಿ ಹಿಡಿದೆ.