ಕೆಡವಲು ನೀವು ಸಹಿ ಹಾಕಿದ ಬ್ಯಾಂಕಿನ ಕಟ್ಟಡ

ಪಟ್ಟಣ ಯೋಜನಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಇನ್ವರ್‌ಲೋಗಿ ಪಟ್ಟಣದ ಹಳೆಯ ಬ್ಯಾಂಕಿನ ಕಟ್ಟಡ ‘ಶಿಥಿಲ, ಅಪಾಯಕಾರಿ’ ಎಂದು ಷರಾ ಬರೆದು ಕೆಡವಲು ಅಪ್ಪಣೆ ಕೊಟ್ಟಿದ್ದೀರಿ. ಶಿಥಿಲವಾಗಿರುವುದು ನಿಜ. ಹಾಗೆ ಮಾಡಿದವರು ಯಾರೆಂದು ಬರೆಯಲು ನಿಮ್ಮ ನಮೂನೆಯಲ್ಲಿ ಜಾಗವಿಲ್ಲ, ಇಲ್ಲಿ ಬರೆಯುತ್ತೇನೆ.

ನಲವತ್ತೊಂದು ವರ್ಷ ಕಲ್ಲುಕೆಲಸ ಮಾಡಿದವನು ನಾನು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅದನ್ನು ಕಟ್ಟಿದ್ದು ನಮ್ಮದೇ ಹೊಳೆದಂಡೆಯ ಕೆಂಪು ಮರಳುಗಲ್ಲಿನಿಂದ. ಮೆತ್ತನೆ ಕಲ್ಲು; ಮಳೆ ಕುಡಿಯುತ್ತದೆ, ಸುಣ್ಣದ ಗಾರೆಯ ಸಂದಿನಲ್ಲಿ ಹೊರಬಿಡುತ್ತದೆ. ನಿಮ್ಮ ಗುತ್ತಿಗೆದಾರರು ಆ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿದರು. ಕುಡಿದ ನೀರು ಒಳಗೇ ನಿಂತು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಸೀಳಿತು. ಕಂಬದ ತಲೆಯ ಮೇಲೆ ಯಾವನೋ ಪುಣ್ಯಾತ್ಮ ಕೆತ್ತಿದ್ದ ಎಲೆಬಳ್ಳಿ ಒಣರೊಟ್ಟಿಯಂತೆ ಪುಡಿಯಾಗಿ ಉದುರಿತು. ಆಮೇಲೆ ಸೂರಿನ ಮಳೆನೀರಿನ ದೋಣಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರಿಂದ ನೀರು ಗೋಡೆಗಿಳಿಯತೊಡಗಿತು. ಅದನ್ನು ತೆಗೆಸಿ ಎಂದು ಮೂರು ಅರ್ಜಿ ಕೊಟ್ಟೆ. ‘ಪರಿಶೀಲನೆಯಲ್ಲಿದೆ’ ಎಂದಿರಿ. ಗೂಡನ್ನೇ, ಸ್ವಾಮಿ?

ಕೊನೆಗೆ ನಾನೇ ಏಣಿ ಹಾಕಿದೆ. ಕೆಳಗೆ ಹಿಡಿದುಕೊಂಡವಳು ಎಫಿ ರ್ಯಾಂಕಿನ್. ಗಾಜಿನ ಗುಮ್ಮಟದಡಿಯ ಬ್ಯಾಂಕಿನ ಹಜಾರವನ್ನು ಮೂವತ್ತು ವರ್ಷ ಗುಡಿಸಿ ಒರೆಸಿದವಳು. ಅರ್ಧ ಹತ್ತಿದ್ದೆ, ನಿಮ್ಮ ಇಲಾಖೆಯವರು ಬಂದರು.

“ಇಳೀರಿ ಯಜಮಾನ್ರೇ! ಬಿದ್ದುಗಿದ್ದು ಜೀವಕ್ಕೇನಾದ್ರೂ ಆದ್ರೆ?”

“ನಾನು ಬಿದ್ರೆ ಹೂಳ್ತೀರಿ. ಇದು ಬಿದ್ರೆ?”

“ಅನುಮತಿ ಇದೆಯಾ?”

“ಪಾರಿವಾಳಕ್ಕೆ ಕೊಟ್ಟಿದ್ದೀರಲ್ಲಪ್ಪ, ನಮಗೂ ಒಂದು ಕೊಡಿ,” ಅಂದಳು ಎಫಿ.

ಇಳಿಸಿದರು. ಜನವರಿಯಲ್ಲಿ ಗುಮ್ಮಟದ ಸುತ್ತಲಿನ ಗಾರೆಯ ಚಾವಣಿ ಕಳಚಿಬಿತ್ತು. ಎಫಿ ಕಿಟಕಿಗೆ ಹಣೆಯಿಟ್ಟು ನೋಡಿದಳು. “ಹೋಯ್ತು ಕಣೋ ವಾಟೀ,” ಅಂದಳು ನನಗೆ. ಅವಳ ಬಾಯಲ್ಲಿ ತಮಾಷೆ ಬರದಿದ್ದುದು ಅದೇ ಮೊದಲು.

ಕೆಡವಬಾರದೆಂದು ನಾವಿಬ್ಬರೂ ಆಕ್ಷೇಪಣೆ ಸಲ್ಲಿಸಿದೆವು. ಮಾರ್ಚಿನಲ್ಲಿ ಎಫಿ ತೀರಿಕೊಂಡಳು. ‘ಆಕ್ಷೇಪಕರು ಈಗ ಈ ಪಟ್ಟಣದ ನಿವಾಸಿಯಲ್ಲ’ ಎಂದು ಅವಳ ಕಾಗದವನ್ನು ತೆಗೆದುಹಾಕಿದಿರಿ. ಚರ್ಚಿನ ಹಿಂದೆ, ನಿಮ್ಮ ಕಚೇರಿಯಿಂದ ಇನ್ನೂರು ಹೆಜ್ಜೆಯಲ್ಲಿ ಮಲಗಿದ್ದಾಳೆ. ಎಲ್ಲಿಗೆ ಹೋದಳೆಂದುಕೊಂಡಿರಿ?

ಉಳಿಸಿ ಎಂದು ಈಗ ಕೇಳುವುದಿಲ್ಲ. ಗೋಡೆ ಬಾಗಿರುವುದನ್ನು ನಾನೇ ದಾರದ ತೂಗುಗುಂಡು ಇಳಿಬಿಟ್ಟು ನೋಡಿದ್ದೇನೆ. ಕೇಳುವುದು ಇಷ್ಟೇ: ಯಂತ್ರ ನುಗ್ಗಿಸಿ ಜಲ್ಲಿ ಮಾಡಬೇಡಿ. ಕೈಯಿಂದ ಒಂದೊಂದೇ ಕಲ್ಲು ಇಳಿಸಿ. ಆ ಕಲ್ಲಿನ ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅದೇ ಕಲ್ಲಿನಲ್ಲಿ ಕಟ್ಟಿದ ಹೊಳೆಬೀದಿಯ ಮನೆಗಳ ದುರಸ್ತಿಗೆ ಅಂಥ ಕಲ್ಲು ಇನ್ನೆಲ್ಲೂ ಸಿಗದು. ಸೋಮವಾರ ಯಂತ್ರ ಬರುತ್ತದೆಂದು ಬೇಲಿಗೆ ಚೀಟಿ ಅಂಟಿಸಿದ್ದೀರಿ. ಈ ಪತ್ರವನ್ನು ನೀವು ಮಂಗಳವಾರ ಓದುತ್ತೀರೆಂಬುದೂ ನನಗೆ ಗೊತ್ತು.

ಇಂತಿ,
ನಿಮ್ಮ ಕಡತದಲ್ಲಿ ಉಳಿದಿರುವ ಏಕೈಕ ಆಕ್ಷೇಪಕ,
ವಾಲ್ಟರ್ ಗೆಡ್ಡಿಸ್,
ಸದ್ಯಕ್ಕೆ ಈ ಪಟ್ಟಣದ ನಿವಾಸಿ