ಹಲ್ಲನಿಗೆ ಬುದ್ಧಿ ಕಲಿಸಿದ್ದು

ಮಾರ್ಚ್ 4

ಮತ್ತೆ ಅದೇ ಗಾಳಿ ಸಿಲಿಂಡರ್ ತುಂಬು, ಅದೇ ಪಾಠ ಒಪ್ಪಿಸು. ಡೈವ್‌ಗೆ ಮೊದಲು ಉಂಗುರ, ವಾಚು, ಸರ ಬಿಚ್ಚಿಡಿ — ನೀರಲ್ಲಿ ಮಿಂಚಿದ್ದೆಲ್ಲ ಬರಾಕುಡಾ ಅನ್ನೋ ಚೂಪು ಹಲ್ಲಿನ ಬೇಟೆಮೀನಿನ ಕಣ್ಣಿಗೆ ಸಣ್ಣ ಮೀನು. ಗಿರಾಕಿಗಳೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದರು. ಒಬ್ಬರೂ ಬಿಚ್ಚಲಿಲ್ಲ.

ಕೆಳಗೆ ಭಾವನ ಸರ್ಕಸ್. ಮುಳುಗಿದ ಹಡಗಿನ ಪಕ್ಕ ಒಂಟಿಯಾಗಿ ನಿಲ್ಲುವ ದೊಡ್ಡ ಬರಾಕುಡಾ — ನಾನು ಹಲ್ಲ ಅನ್ನುತ್ತೇನೆ — ಅವನಿಗೆ ಕೈಯಾರೆ ಮೀನು ತಿನ್ನಿಸಿದ. (ತಿನ್ನಿಸಿದರು ಅಂತ ಬರೆಯಲ್ಲ. ದೋಣಿ ಅವನದು, ಡೈರಿ ನನ್ನದು.) ಎಲ್ಲರ ಫೋಟೋ ಆಯಿತು. ನೀರಲ್ಲಿ ಚಪ್ಪಾಳೆ ಕೇಳಿಸಲ್ಲ, ಅದೊಂದು ಪುಣ್ಯ.

ಮಾರ್ಚ್ 9

ಆಗಬೇಕಾದ್ದು ಆಯಿತು. ಹೊಸ ಮದುಮಗ, ಹೆಂಡತಿ ಎದುರು ಶೂರತನ. ಉಂಗುರದ ಕೈ ಚಾಚಿದ. ಹಲ್ಲ ಬಂದ, ಕಚ್ಚಿದ, ರುಚಿ ಹಿಡಿಸಲಿಲ್ಲ, ಬಿಟ್ಟ. ಕೈಗೆ ಹೊಲಿಗೆ ಬಿತ್ತು.

ಭಾವ ದೋಣಿಯಲ್ಲೇ ತೀರ್ಪು ಕೊಟ್ಟ. "ಅದಕ್ಕೆ ಹುಚ್ಚು ಹಿಡಿದಿದೆ. ಭಾನುವಾರ ಈಟಿ ಗನ್ ತಗೊಂಡು ನಾನೇ ಇಳೀತೀನಿ."

"ಕೈ ಅಂದ್ರೆ ಊಟ ಅಂತ ನೀವೇ ಕಲಿಸಿದ್ದು, ಭಾವ."

"ಮೀನಿಗೆ ಏನ್ ಕಲಿಸೋಕಾಗುತ್ತೆ? ನಿಂಗೂ ತಲೆ ಕೆಟ್ಟಿದೆ."

ಅಕ್ಕ ಹಗ್ಗ ಸುತ್ತುತ್ತಿದ್ದಳು. "ಬಿಡೇ, ಒಂದು ಮೀನಿಗೋಸ್ಕರ ಮನೇಲಿ ಜಗಳ ಬೇಡ" ಅಂದಳು. ಇವಳನ್ನೂ ಹೀಗೇ ಕೈತುತ್ತು ಹಾಕಿ ಪಳಗಿಸಿರಬೇಕು.

ಮಾರ್ಚ್ 10, ಬೆಳಿಗ್ಗೆ

ಕಲಿಸಬಹುದಾದರೆ ಭಾನುವಾರದೊಳಗೆ ಬಿಡಿಸಲೂಬಹುದು. ಒಬ್ಬಳೇ ಇಳಿದೆ. ಒಬ್ಬರೇ ಇಳಿಯಬಾರದು ಅಂತ ದಿನಾ ಪಾಠ ಹೇಳುವವಳು ನಾನೇ.

ಖಾಲಿ ಕೈ ಚಾಚಿದೆ. ಬಾಯಿ ತೆರೆಯುತ್ತಾ ಮುಚ್ಚುತ್ತಾ ಬಂದ. ಅದು ಉಸಿರಾಟ, ಸಿಟ್ಟು ಅಂದುಕೊಂಡು ಹೆದರುವವರು ದಡ್ಡರು. ಕಬ್ಬಿಣದ ಕೋಲಿನಿಂದ ಮೂತಿಗೆ ಒಂದು ಬಿಟ್ಟೆ. ಸರಿದ. ಮತ್ತೆ ಬಂದ. ಮತ್ತೆ ಬಿಟ್ಟೆ...

ಮಾರ್ಚ್ 12

ಇನ್ನೂ ಬರುತ್ತಾನೆ. ದಡ್ಡ. ಭಾವನಷ್ಟೇ ದಡ್ಡ. ಮೂತಿ ಮೇಲೆ ಚರ್ಮ ಕಿತ್ತು ಬಿಳಿ ಗಾಯ. ಈ ಕಡಲಲ್ಲಿ ನಾನು ಮರ್ಯಾದೆ ಕೊಡುವುದು ಇವನೊಬ್ಬನಿಗೆ, ಬಡಿಯುತ್ತಿರುವುದೂ ಇವನನ್ನೇ.

ಮಾರ್ಚ್ 15, ಭಾನುವಾರ

ಭಾವ ಇಳಿದ. ಒಂದು ಕೈಯಲ್ಲಿ ಗನ್, ಇನ್ನೊಂದರಲ್ಲಿ ಮೀನು. ಹಿಂದೆ ನಾನು. ಹಲ್ಲ ಹಡಗಿನ ಆಚೆ ನಿಂತಿದ್ದ. ಚಾಚಿದ ಕೈ ನೋಡಿದ. ತಿರುಗಿದ್ದು ಕಂಡಿತು, ಹೋದದ್ದು ಕಾಣಲೇ ಇಲ್ಲ.

ಗಾಳಿ ಮುಗಿಯುವ ತನಕ ಭಾವ ಆ ಸತ್ತ ಮೀನು ಅಲ್ಲಾಡಿಸುತ್ತಾ ನಿಂತ. ಮೇಲೆ ಬಂದು ಅಕ್ಕನಿಗೆ ಅಂದ, "ನನ್ನ ಕಂಡ್ರೆ ಹೆದರಿಕೆ ಅದಕ್ಕೆ. ಇನ್ನು ಈ ಕಡೆ ತಲೆ ಹಾಕಲ್ಲ."

ಹೌದಂತೆ. ಇವನನ್ನು ಕಂಡು.

ಸಂಜೆ

ಗೆದ್ದೆ. ಸುಮ್ಮನೆ ನೋಡಿ ಬರೋಣ ಅಂತ ಇನ್ನೊಮ್ಮೆ ಇಳಿದೆ. ಕೋಲು ದೋಣಿಯಲ್ಲೇ ಬಿಟ್ಟಿದ್ದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಇದ್ದ, ದೂರದಲ್ಲಿ. ನನ್ನನ್ನು ಕಂಡದ್ದೇ ತಡ, ಮಾಯ.

ಬದುಕಿಕೊಂಡ. ನನಗೆ ಬೇಕಿದ್ದದ್ದೂ ಅಷ್ಟೇ. ಅಷ್ಟೇ ಆಗಿದ್ದರೆ, ಅವನು ನನ್ನನ್ನು ಕಂಡು ಓಡಿದ್ದು ಈಗ ಯಾಕೆ ಹೀಗೆ ಚುಚ್ಚಬೇಕು?