ಗುರುವಾರದ ರೈಲು

3 ಅಕ್ಟೋಬರ್ 1963, ಗುರುವಾರ

ಹೋಗಿ ಬಂದೆ. ಆಲ್ವಿನ್‌ಗೆ ಬಿಸ್ಕತ್ತು, ಸಿಗರೇಟು. ಮೂರು ಮಾತಾಡಿದ. ಹುಚ್ಚಾಸ್ಪತ್ರೆಯಲ್ಲಿ ಮೂರು ಮಾತು ಅಂದರೆ ಒಳ್ಳೆಯ ದಿನ. ಊರಿನವರ ಪಾಲಿಗೆ ನನ್ನ ಮಗ ಆಲ್ವಿನ್ ಕೆನಡಾದಲ್ಲಿದ್ದಾನೆ, ನಾನು ವಾರವಾರ ತಂಗಿಯ ಮನೆಗೆ ಹೋಗುತ್ತೇನೆ. ಪಕ್ಕದ ಮನೆ ಹೆಟ್ಟಿ ಬೇಲಿಯಾಚೆಯಿಂದ, "ಏನೇ ಮಾಬೆಲ್, ಕೆನಡಾದವನು ಅಮ್ಮನ್ನ ಮರೆತೇಬಿಟ್ನಾ? ಯಾವಳೋ ಗಂಟುಬಿದ್ದಿರ್ಬೇಕು!" ನಕ್ಕೆ. ನಗು ಅಭ್ಯಾಸವಾಗಿದೆ.

ಸ್ಟೇಷನ್ ಗೋಡೆಗೆ ನೋಟಿಸು ಅಂಟಿಸಿದ್ದಾರೆ. ಲೈನ್ ಮುಚ್ಚುತ್ತಾರಂತೆ. ಏನೂ ಅನ್ನಿಸಲಿಲ್ಲ.

10 ಅಕ್ಟೋಬರ್

ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ಪೋರ್ಟರ್ ಡಾಬ್ಸನ್ ಒಲೆಗೆ ಬೆಂಕಿ ಹಾಕಿಟ್ಟಿದ್ದ. ನನಗೊಬ್ಬಳಿಗೆ. ವಿಕ್ಟೋರಿಯಾ ರಾಣಿಯ ಕಾಲದ ಹೆಂಗಸರು ಗಂಡಸರ ಕಣ್ಣಿಗೆ ಬೀಳಬಾರದೆಂದು ಕಟ್ಟಿಸಿದ ಕೋಣೆ... ನನಗೆ ಅನುಕೂಲವಾಯಿತು. ಟಿಕೆಟ್ ಕೊಡುವವನೂ ಡಾಬ್ಸನ್ನೇ. ಎಲ್ಲಿ ಇಳಿಯುತ್ತೇನೆಂದು ಗೊತ್ತು. ಇಷ್ಟು ವರ್ಷ ತುಟಿ ಬಿಚ್ಚಿಲ್ಲ. ಇವತ್ತು ಮಾತ್ರ — "ಲೈನ್ ಮುಚ್ಚೋ ಬಗ್ಗೆ ನಡೆಯೋ ಸಭೇಲಿ ನೀವು ಮಾತಾಡ್ಬೇಕಮ್ಮ. ನಿಮ್ಮಷ್ಟು ಕಷ್ಟ ಬೇರೆ ಯಾರಿಗೂ ಆಗಲ್ಲ."

19 ನವೆಂಬರ್, ಮಂಗಳವಾರ

ಸಭೆಗೆ ಶಾಲೆಯ ಹಾಲ್ ತುಂಬಿತ್ತು. ಪಾದ್ರಿಗಳು ಸ್ಟೇಷನ್ನಿನ ಚರಿತ್ರೆ ಶುರುಮಾಡಿದರು — 1868, ಜಮೀನ್ದಾರ ಬಿಟ್ಟುಕೊಟ್ಟ ನೆಲ, ಛಾವಣಿಯ ಕಬ್ಬಿಣದ ಹೂಬಳ್ಳಿ, ಇಲ್ಲಿಂದಲೇ ಯುದ್ಧಕ್ಕೆ ಹೊರಟ ಹುಡುಗರು. ಅಧ್ಯಕ್ಷ ತಡೆದ. "ಚರಿತ್ರೆ ನಮಗೆ ಸಂಬಂಧಪಟ್ಟಿದ್ದಲ್ಲ ಸ್ವಾಮಿ. ರೈಲು ನಿಂತ್ರೆ ಯಾರಿಗೆ ಕಷ್ಟ? ಅದಷ್ಟೇ ಹೇಳಿ."

ಹೆಟ್ಟಿ ಎದ್ದಳು. "ನನ್ನ ಕೋಳಿಗಳಿಗೆ! ರೈಲು ಕೂಗದೆ ಅವು ಮೊಟ್ಟೇನೇ ಇಡಲ್ಲ!"

ಎಲ್ಲರೂ ನಕ್ಕರು. ಬೇರೆ ಯಾರಾದರೂ ಇದ್ದಾರಾ ಅಂದ ಅಧ್ಯಕ್ಷ. ಡಾಬ್ಸನ್ ನನ್ನ ಕಡೆ ನೋಡಿದ. ಕೈಗವಸಿನ ಗುಂಡಿ ನೋಡುತ್ತಾ ಕೂತೆ. ಏಳಲಾಗಲಿಲ್ಲ. ನಾಚಿಕೆ. ಅದಕ್ಕೆ ಬೇರೆ ಹೆಸರಿಲ್ಲ.

5 ಮಾರ್ಚ್ 1964, ಗುರುವಾರ

ಶನಿವಾರಕ್ಕೆ ಕೊನೆ. ಯಾರಿಗೂ ಅಂಥ ಕಷ್ಟವಿಲ್ಲ ಎಂದು ತೀರ್ಮಾನವಾಯಿತು. ಬದಲಿಗೆ ಬಸ್ಸು ಬರುತ್ತದೆ. ಆಸ್ಪತ್ರೆಯ ಕಡೆ ಹೋಗುವುದಿಲ್ಲ — ಕೇಳಿದವರೇ ಇರಲಿಲ್ಲವಲ್ಲ.

"ಮುಂದಿನ ವಾರ ಬರ್ತೀಯ ತಾನೇ ಅಮ್ಮ?" ಅಂದ ಆಲ್ವಿನ್.

"ಬರ್ದೆ ಇರ್ತೀನಾ" ಅಂದೆ.

8 ಮಾರ್ಚ್

ನಿನ್ನೆ ಕೊನೆಯ ರೈಲಿಗೆ ಬ್ಯಾಂಡು, ಕ್ಯಾಮೆರಾ. ರೈಲಿನ ಮುಖ ನೋಡದವರೂ ಟಿಕೆಟ್ ಕೊಂಡರಂತೆ. ಹೋಗಲಿಲ್ಲ. ಬಟ್ಟೆ ಇಸ್ತ್ರಿ ಮಾಡಿದೆ.

12 ಮಾರ್ಚ್, ಗುರುವಾರ, ಮಧ್ಯಾಹ್ನ

ಕೋಟು ಹಾಕಿಕೊಂಡು ಕೂತಿದ್ದೇನೆ. ಹೆಟ್ಟಿಯ ಗಂಡನ ವ್ಯಾನ್ ಹೊರಗೆ ನಿಂತಿದೆ. ಕೇಳಿದರೆ ಇಲ್ಲ ಅನ್ನುವವಳಲ್ಲ. ಎಲ್ಲಿಗೆ ಅಂತ ಕೇಳದೆ ಬಿಡುವವಳೂ ಅಲ್ಲ. ಬಾಯಿಗೆ ಮಾತು ಬರುತ್ತದೋ ಇಲ್ಲವೋ, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಹೆಟ್ಟಿ, ಆಲ್ವಿನ್ ಕೆನಡಾದಲ್ಲಿಲ್ಲ ಕಣೇ. ಅವನು